ಯೆಹೂದ್ಯನ ಪರ ನಿಂತ ಷಾರ್ಲ್ ಪೆಗಿ



ಮಲ್ಲತ್ತಹಳ್ಳಿಯವರಾದ ನಾವು ಪೇಟೆಗೆ ಹೋಗುವ ಮೈಸೂರು ರಸ್ತೆಯ ಬದಿಯಲ್ಲಿ ಯೆಹೂದ್ಯರ ಪುಟ್ಟ ಸ್ಮಶಾನವೊಂದಿದೆ. 1904ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಾಗ. ನಮಗೆ ಯೆಹೂದ್ಯರೆಂದರೆ ಬೈಬಲ್ಲಿನ ಜನ, ಅಷ್ಟೇ. ಅದೇ ಕಾಲದ ಫ್ರಾನ್ಸಿನಲ್ಲಿ ಮಾತ್ರ ಅವರ ಹೆಸರೆತ್ತಿದರೆ ಮನೆಮನೆಯಲ್ಲೂ ಜಗಳ. ಆ ಜಗಳದಲ್ಲಿ ಬೆಂದು ಬಂದ ಕವಿ ಷಾರ್ಲ್ ಪೆಗಿಯವರ ಬಗ್ಗೆ ನೀವು ತಿಳಿಯಬೇಕು.

ಪೆಗಿ ಹುಟ್ಟಿದ್ದು 1873ರಲ್ಲಿ, ಓರ್ಲಿಯನ್ಸ್ ಪಟ್ಟಣದಲ್ಲಿ. ತಂದೆ ಅದೇ ವರ್ಷ ತೀರಿಕೊಂಡರು. ತಾಯಿ ಕುರ್ಚಿಗಳಿಗೆ ಹುಲ್ಲು ಹೆಣೆದು ಮಗನನ್ನು ಸಾಕಿದರು. ಓದಲು ಪ್ಯಾರಿಸ್ ಸೇರಿದ ಪೆಗಿ ವಿಶ್ವಾಸ ತೊರೆದು ಸಮಾಜವಾದಿಯಾದರು.

1894ರಲ್ಲಿ ಡ್ರೇಫಸ್ ಎಂಬ ಯೆಹೂದ್ಯ ಸೇನಾಧಿಕಾರಿಗೆ ದೇಶದ್ರೋಹದ ಸುಳ್ಳು ಆರೋಪದ ಮೇಲೆ ಶಿಕ್ಷೆಯಾಯಿತು. ಎಡಪಂಥೀಯರು ಆತನ ಪರ ನಿಂತಿರಬೇಕೆಂದು ನೀವು ಊಹಿಸುವಿರಿ. ಹಾಗಾಗಲಿಲ್ಲ. ಯೆಹೂದ್ಯನೆಂದರೆ ಬಡ್ಡಿ ಸಾಹುಕಾರ ಎಂಬ ಹಳೇ ಮಾತು ಅವರಲ್ಲೂ ಬೇರೂರಿತ್ತು. ಈ ಮನುಷ್ಯನಿಗೆ ಮರಣದಂಡನೆ ಏಕಿಲ್ಲವೆಂದು ಸಮಾಜವಾದಿ ನಾಯಕ ಜೊರೇಸ್ ಸಂಸತ್ತಿನಲ್ಲೇ ಕೇಳಿದರು. 1898ರ ಜನವರಿಯಲ್ಲೂ ಸಮಾಜವಾದಿ ಸಂಸದರು, ಇದು ಹಣವಂತರ ಒಳಜಗಳ, ಕಾರ್ಮಿಕರು ಯಾರ ಪಕ್ಷವನ್ನೂ ವಹಿಸಬಾರದೆಂದು ಹೇಳಿಕೆ ಹೊರಡಿಸಿದರು.

ಡ್ರೇಫಸ್ ಪರ ಮೊದಲ ಕಿರುಪುಸ್ತಕ ಬರೆದವರು ಬರ್ನಾರ್ ಲಜಾರ್, 1896ರಲ್ಲಿ. ಸ್ವತಃ ಯೆಹೂದ್ಯರು, ಅರಾಜಕತಾವಾದಿ. ಎರಡು ವರ್ಷ ಹಿಂದೆ ತಮ್ಮದೇ ಜನರ ಮೇಲೂ ತಪ್ಪು ಹೊರಿಸಿ ಬರೆದಿದ್ದವರು! ಪೆಗಿ ಅವರ ಗೆಳೆಯರಾದರು. ಜೊರೇಸ್ ಕೂಡ 1898ರಲ್ಲಿ ಮನಸ್ಸು ಬದಲಿಸಿ ಡ್ರೇಫಸ್ ನಿರಪರಾಧಿಯೆಂದು ಬರೆದರು. ಲಜಾರ್, ಯೆಹೂದ್ಯರಿಗೆ ಸ್ವಂತ ನಾಡು ಬೇಕೆನ್ನುವ ಜಿಯೋನ್ ಚಳವಳಿಗೆ ಸೇರಿದರು. ಅದು ಬಡವರನ್ನು ಬಿಟ್ಟು ಸಿರಿವಂತರನ್ನು ನೆಚ್ಚಿದೆಯೆಂದು 1899ರಲ್ಲಿ ಅದರ ನಾಯಕತ್ವದಿಂದ ಹೊರಬಂದರು. 1903ರಲ್ಲಿ ಅವರ ಅಂತ್ಯಯಾತ್ರೆಗೆ ಬಂದವರು ಕೆಲವರೇ. ಅವರಲ್ಲಿ ಪೆಗಿ ಒಬ್ಬರು. ಆ ಗೆಳೆಯ ಒಬ್ಬ ಪ್ರವಾದಿಯೆಂದು ಪೆಗಿ 1910ರಲ್ಲಿ ಬರೆದರು. (ಎಡಪಂಥದ ಮಗ್ಗುಲು ಬದಲಾವಣೆ ಅಲ್ಲಿಗೇ ನಿಲ್ಲಲಿಲ್ಲ: ಸೋವಿಯತ್ ಒಕ್ಕೂಟ 1948ರಲ್ಲಿ ಇಸ್ರೇಲಿಗೆ ಮಾನ್ಯತೆ ಕೊಟ್ಟು, 1967ರಲ್ಲಿ ಸಂಬಂಧ ಕಡಿದುಕೊಂಡಿತು.)

ನಮ್ಮವರ ಕಥೆ ಹೇಳದಿದ್ದರೆ ಮೋಸವಾದೀತು. ಅಂದು ಯೆಹೂದ್ಯರ ವಿರುದ್ಧ ವಿಷ ಕಾರಿದ ಪತ್ರಿಕೆಗಳಲ್ಲಿ, ಧಾರ್ಮಿಕ ಸಭೆಯ ಗುರುಗಳೇ ನಡೆಸುತ್ತಿದ್ದ ಪತ್ರಿಕೆಯೂ ಇತ್ತು. ಅದರ ಹೆಸರು ಶಿಲುಬೆ. ಗುರುವಾದ ನನಗೆ ಇದನ್ನು ಬರೆಯಲು ನಾಚಿಕೆ. ಇಂಥ ಧರ್ಮಸಭೆಯ ವಿಶ್ವಾಸಕ್ಕೇ ಪೆಗಿ 1908ರ ಸುಮಾರಿಗೆ ಮರಳಿದರು, ಯೆಹೂದ್ಯ ಗೆಳೆಯರನ್ನು ಬಿಡದೆ. ಅವರದು ದೇವಾಲಯದಲ್ಲಿ ಆಗದ ಮದುವೆ, ಮಕ್ಕಳಿಗೆ ಜ್ಞಾನಸ್ನಾನವಿಲ್ಲ. ಹೀಗಾಗಿ ಸಂಸ್ಕಾರಗಳಿಂದ ದೂರವೇ ಉಳಿಯಬೇಕಾಯಿತು. 1912ರಲ್ಲಿ ಮಗನ ಕಾಯಿಲೆಗೆ ಹರಕೆ ಹೊತ್ತು, ಶಾರ್ತ್ರ್‌ನ ದೇವಮಾತೆಯ ಯಾತ್ರೆಗೆಂದು ಮೂರು ದಿನದಲ್ಲಿ 144 ಕಿ.ಮೀ. ನಡೆದರು.

1914ರ ಸೆಪ್ಟೆಂಬರ್ 5ರಂದು ಪೆಗಿ ಯುದ್ಧದಲ್ಲಿ ಗುಂಡೇಟಿಗೆ ಬಿದ್ದರು. ಯೆಹೂದ್ಯ ದ್ವೇಷ ಸಲ್ಲದೆಂದು ನಮ್ಮ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ, 51 ವರ್ಷಗಳ ಮೇಲೆ.