ಒಡೆದ ಮನಗಳ ನಡುವೆ ನಡೆದ ಗುರು: ಸಂತ ಜೋಸೆಫ್ ವಾಜ್



ಜನವರಿ 16 ಸಂತ ಜೋಸೆಫ್ ವಾಜ್‌ರವರ ಹಬ್ಬ. ಶ್ರೀಲಂಕಾದ ಪ್ರೇಷಿತರೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಲಂಕೆಗೆ ಹೋಗುವ ಮೊದಲು ಅವರು ಕನ್ನಡ ಕರಾವಳಿಯಲ್ಲಿ ಮೂರು ವರ್ಷ ಸೇವೆ ಮಾಡಿದ್ದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ನನಗೂ ತಿಳಿದಿರಲಿಲ್ಲ. ಕಳೆದ ಬಾರಿ ನಮ್ಮ ಧರ್ಮಕೇಂದ್ರದ ಹಬ್ಬದ ಬಲಿಪೂಜೆಯಲ್ಲಿ ಯಾವ ಭಾಷೆಯ ಗೀತೆಗಳು ಎಷ್ಟಿರಬೇಕು ಎಂಬ ಮಾತಿಗೆ ಯುವಜನರಾದ ನಾವು ಎರಡು ಗುಂಪಾದೆವು. ಸಂಯೋಜಕನಾದ ನಾನೂ ಒಂದು ಗುಂಪಿನಲ್ಲೇ ಕುಳಿತಿದ್ದೆ. ಆ ಬೇಸರದ ದಿನಗಳಲ್ಲಿ ಈ ಸಂತರ ಜೀವನವನ್ನು ಓದಿದೆ. ಅದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬೆಣಾವಲಿಯಲ್ಲಿ. ತಂದೆ ಕ್ರಿಸ್ತೊವಾವೊ ವಾಜ್, ತಾಯಿ ಮರಿಯ ದೆ ಮಿರಾಂದಾ. ಮನೆಮಾತು ಕೊಂಕಣಿ. ಪೋರ್ಚುಗೀಸ್, ಲತೀನ್ ಭಾಷೆಗಳನ್ನು ಶಾಲೆಯಲ್ಲಿ ಕಲಿತು, 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ತಮ್ಮನ್ನೇ ಮಾತೆ ಮರಿಯಮ್ಮನವರ ದಾಸನೆಂದು ಬರೆದು ಒಪ್ಪಿಸಿಕೊಂಡರು.

1681ರಲ್ಲಿ ಅವರನ್ನು ಗೋವಾದಿಂದ ಕೆನರಾ ಪ್ರದೇಶಕ್ಕೆ ಕಳುಹಿಸಲಾಯಿತು. ಆಗ ಆ ನಾಡು ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಅಲ್ಲಿನ ಕ್ರೈಸ್ತರಿಗೆ ಬಂದಿದ್ದ ಕಷ್ಟ ಹೊರಗಿನಿಂದ ಬಂದದ್ದಲ್ಲ, ಒಳಗಿನದು. ಪೋರ್ಚುಗಲ್ ರಾಜನಿಗಿದ್ದ ಪದ್ರುವಾದೊ ಹಕ್ಕಿನ ಪ್ರಕಾರ ಈ ಜನರು ತಮ್ಮ ಆಡಳಿತಕ್ಕೆ ಸೇರಿದವರೆಂದು ಗೋವಾದವರು ಹೇಳುತ್ತಿದ್ದರು. ಇತ್ತ ರೋಮಿನ ಪ್ರೊಪಗಾಂಡ ಫೀದೆಯಿಂದ ನೇಮಕಗೊಂಡಿದ್ದ ಧರ್ಮಾಧ್ಯಕ್ಷ ತೋಮಾಸ್ ದೆ ಕಾಸ್ಟ್ರೋ ಮಂಗಳೂರಿನಲ್ಲಿದ್ದರು. ಎರಡೂ ಕಡೆಯವರು ಕಥೋಲಿಕರೇ, ಎರಡೂ ಕಡೆಯ ಗುರುಗಳು ಅರ್ಪಿಸುತ್ತಿದ್ದುದು ಒಂದೇ ಬಲಿಪೂಜೆ. ಆದರೂ ಜನ ಎರಡು ಪಾಲಾದರು. ಯಾರ ಕೈಯಿಂದ ಸಂಸ್ಕಾರ ಪಡೆದರೆ ತಪ್ಪಾಗುವುದೋ ಎಂಬ ಭಯದಲ್ಲಿ ಸಾಮಾನ್ಯ ವಿಶ್ವಾಸಿಗಳು ಕಂಗೆಟ್ಟಿದ್ದರು.

ಯುವ ಗುರು ಜೋಸೆಫ್ ಗೋವಾದ ಕಡೆಯಿಂದಲೇ ಬಂದವರು. ತಮ್ಮ ಪಕ್ಷವನ್ನು ಗೆಲ್ಲಿಸಲು ಅವರು ಜನರನ್ನು ಕೂಡಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ತಮ್ಮನ್ನು ಕಳುಹಿಸಿದವರಿಗೆ ವಿಧೇಯರಾಗಿದ್ದುಕೊಂಡೇ ಧರ್ಮಾಧ್ಯಕ್ಷ ಕಾಸ್ಟ್ರೋರವರಿಗೆ ಸಲ್ಲಬೇಕಾದ ಗೌರವವನ್ನು ಕೊಟ್ಟರು. ಜಗಳ ಬೆಳೆಯದಂತೆ, ಜನರಿಗೆ ಸಂಸ್ಕಾರಗಳು ತಪ್ಪದಂತೆ ಹೊಂದಾಣಿಕೆಯ ದಾರಿ ಹುಡುಕಿದರು. ಮಂಗಳೂರು, ಬಸ್ರೂರು, ಬಾರ್ಕೂರು, ಗಂಗೊಳ್ಳಿ ಎಂದು ಬರಿಗಾಲಲ್ಲಿ ಊರೂರು ಸುತ್ತಿದರು. ಪಾಪನಿವೇದನೆ ಕೇಳಿದರು, ರೋಗಿಗಳ ಬಳಿ ಕುಳಿತರು, ಮಕ್ಕಳಿಗೆ ಶಾಲೆ ತೆರೆದರು. ಆಡಳಿತದ ವಿವಾದ ಅವರ ಕಾಲದಲ್ಲಿ ಮುಗಿಯಲಿಲ್ಲ. ಆದರೆ ಬಾಗಿಲಿಗೆ ಬಂದ ಗುರು ತಮ್ಮವರೆಂದು ಜನರಿಗೆ ಅನ್ನಿಸಿತು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಇಂದಿಗೂ ಅವರ ಪುಣ್ಯಕ್ಷೇತ್ರವಿದೆ.

1684ರಲ್ಲಿ ಗೋವಾಕ್ಕೆ ಮರಳಿದ ಅವರು ಸ್ಥಳೀಯ ಗುರುಗಳ ಒಂದು ಪುಟ್ಟ ಗುಂಪನ್ನು ಸೇರಿ, ಅದನ್ನು ಸಂತ ಫಿಲಿಪ್ ನೇರಿಯವರ ಒರೆಟರಿ ಸಂಘವಾಗಿ ಕಟ್ಟಿದರು. ಆದರೆ ಅವರ ಮನಸ್ಸು ಲಂಕೆಯ ಕಡೆಗಿತ್ತು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. 1687ರಲ್ಲಿ ಭಿಕ್ಷುಕನ ವೇಷದಲ್ಲಿ, ಜೊತೆಗೆ ಜಾನ್ ಎಂಬ ಒಬ್ಬ ಸೇವಕನೊಂದಿಗೆ ಅವರು ಜಾಫ್ನಾ ತಲುಪಿದರು. ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಮನೆಮನೆಗೆ ಹೋಗಿ ಬೇಡುತ್ತಿದ್ದರು. ಅದನ್ನು ಕಂಡು ಯಾರ ಕಣ್ಣು ಅರಳುತ್ತಿತ್ತೋ ಅವರೇ ಅಡಗಿದ್ದ ವಿಶ್ವಾಸಿಗಳೆಂದು ತಿಳಿಯುತ್ತಿದ್ದರು. ಅಲ್ಲಿನ ಜನರಿಗಾಗಿ ತಮಿಳು ಕಲಿತರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಬೇಹುಗಾರನೆಂದು ಸೆರೆಗೆ ಹಾಕಿದರು. ಸೆರೆಯಲ್ಲೇ ಸಿಂಹಳ ಕಲಿತರು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ವಿಜ್ಞಾನ ಓದಿದ ನನಗೆ ಈ ಭಾಗ ಮರೆಯಲಾಗದ್ದು. ಜೆನ್ನರ್ ಸಿಡುಬಿಗೆ ಲಸಿಕೆ ಹಾಕಿ ತೋರಿಸಿದ್ದು 1796ರಲ್ಲಿ, ಅಂದರೆ 99 ವರ್ಷಗಳ ನಂತರ. ಸೋಂಕಿಗೆ ಹೆದರಿ ಹೆತ್ತವರೂ ರೋಗಿಗಳನ್ನು ಬಿಟ್ಟು ಓಡುತ್ತಿದ್ದಾಗ ಫಾದರ್ ಜೋಸೆಫ್ ತಮ್ಮ ಸಂಬಂಧಿಕ ಗುರುವೊಬ್ಬರೊಂದಿಗೆ ಅವರನ್ನು ಹುಡುಕಿಕೊಂಡು ಹೋದರು. ಗಂಜಿ ಕುಡಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಕ್ರೈಸ್ತರೋ ಬೌದ್ಧರೋ, ತಮಿಳರೋ ಸಿಂಹಳರೋ ಎಂದು ನೋಡಲಿಲ್ಲ.

ಮುಂದೆ ಅವರಿಗೆ ಧರ್ಮಾಧ್ಯಕ್ಷ ಪದವಿ ಬರುವುದರಲ್ಲಿತ್ತು. ಬೇಡವೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಪ್ರಿಯರೇ, ಕನ್ನಡ ನಮ್ಮ ತಾಯಿನುಡಿ. ಅದರಲ್ಲಿ ಪ್ರಾರ್ಥಿಸುವ ಹಂಬಲ ತಪ್ಪಲ್ಲ. ಈ ಧರ್ಮಕ್ಷೇತ್ರದಲ್ಲಿ ನಾವು ಸಂಖ್ಯೆಯಲ್ಲಿ ಕಡಿಮೆ, ಆದ್ದರಿಂದ ನಮ್ಮ ಗೀತೆ ಕೇಳದೆ ಹೋದೀತೆಂಬ ಅಳುಕೂ ನಿಜವೇ. ಆದರೆ ನಮ್ಮ ಪಕ್ಕದ ಬೆಂಚಿನವರ ಭಾಷೆಯಲ್ಲಿ ಒಂದು ಗೀತೆಯನ್ನಾದರೂ ನಾನು ಕಲಿತಿದ್ದೇನೆಯೇ ಎಂದು ಕೇಳಿಕೊಂಡಾಗ ನನ್ನ ಬಳಿ ಉತ್ತರವಿರಲಿಲ್ಲ. ಸಂತ ಜೋಸೆಫ್ ಸೆರೆಮನೆಯಲ್ಲಿದ್ದೂ ಕಲಿತರು. ನಮಗೆ ಭಾನುವಾರದ ಒಂದು ಗಂಟೆ ಸಾಕು. ಅವರ ಹಬ್ಬದಂದು ಎರಡೂ ಗುಂಪಿನ ಯುವಕ ಯುವತಿಯರು ಒಟ್ಟಿಗೆ ಕುಳಿತು ಪರಸ್ಪರರ ಒಂದೊಂದು ಗೀತೆ ಕಲಿಯೋಣ. ಅದಕ್ಕೂ ಮೊದಲು, ಹಬ್ಬದಿಂದೀಚೆಗೆ ನಾನು ಮಾತು ಬಿಟ್ಟಿರುವ ಗೆಳೆಯನ ಮನೆಗೆ ಹೋಗಿಬರುತ್ತೇನೆ. ನಿಮಗೂ ಅಂಥ ಒಂದು ಮನೆಯಿದ್ದರೆ ದಯವಿಟ್ಟು ಹೋಗಿಬನ್ನಿ.

ಸಂತ ಜೋಸೆಫ್ ವಾಜ್‌ರವರೇ, ನಮಗಾಗಿ ಪ್ರಾರ್ಥಿಸಿರಿ.

– ಯುವಜನ ಸಂಯೋಜಕ