ಬಳ್ಳಾರಿಗೆ ಅಂಚೆ ವಿಮಾನ ತಂದ ವಿನ್ಸೆಂಟ್: ಕಡಲ ದಾರಿಯಲ್ಲಿ ಕಣ್ಮರೆಯಾದ ಸಾಹಸಿ

ಶಿವಮೊಗ್ಗ: ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಸೊಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿದ್ದು 2023ರ ಫೆಬ್ರವರಿ 27ರಂದು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಇಲ್ಲಿಗೆ ಬಂದಿಳಿಯಿತು. ಕುವೆಂಪು ಅವರ ಹೆಸರು ಹೊತ್ತ ಈ ನಿಲ್ದಾಣದಿಂದ ರಾಜಧಾನಿಯತ್ತ ಹಾರುವವರಿಗೆ ಕೆಳಗೆ ಕಾಣುವ ನೀರೆಂದರೆ ತುಂಗೆ, ಭದ್ರೆ ಮತ್ತು ಒಂದಿಷ್ಟು ಕೆರೆಗಳು. ಹೀಗಿರುವಾಗ ಲೈಫ್ ಜಾಕೆಟ್ಟಿನ ಮಾತು ಕೇಳಿ ಮಲೆನಾಡಿನ ಪ್ರಯಾಣಿಕ ಒಳಗೊಳಗೇ ನಕ್ಕರೆ ಅಚ್ಚರಿಯೇನಿಲ್ಲ. ಆದರೆ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಕನ್ನಡ ನೆಲದ ಬಳ್ಳಾರಿಗೆ ಅಂಚೆ ವಿಮಾನವನ್ನು ತಂದಿಳಿಸಿದ ವೈಮಾನಿಕನನ್ನು ಕೊನೆಗೆ ನುಂಗಿದ್ದು ಕಡಲೇ.

ಆತನ ಹೆಸರು ನೆವಿಲ್ ವಿನ್ಸೆಂಟ್. ಬ್ರಿಟನ್ನಿನ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಶೌರ್ಯ ಪದಕ ಪಡೆದಿದ್ದ ವಿನ್ಸೆಂಟ್ 1920ರ ದಶಕದ ಕೊನೆಯಲ್ಲಿ ಭಾರತಕ್ಕೆ ಬಂದರು. ಊರೂರಿಗೆ ಹಾರಿ, ಜನರನ್ನು ವಿಮಾನದಲ್ಲಿ ಕೂರಿಸಿ ಸುತ್ತಾಡಿಸುವುದು ಆಗ ಅವರ ಕಸುಬು. ಅದರಲ್ಲಿ ಹೊಟ್ಟೆ ತುಂಬುತ್ತಿತ್ತೇ ಹೊರತು ಕನಸು ತುಂಬುತ್ತಿರಲಿಲ್ಲ. ಇಂಗ್ಲೆಂಡಿನಿಂದ ಕರಾಚಿಗೆ ವಿಮಾನದಲ್ಲಿ ಬಂದ ಅಂಚೆ ಅಲ್ಲಿಂದ ಮುಂದಕ್ಕೆ ರೈಲು ಹತ್ತುತ್ತಿದ್ದುದನ್ನು ಕಂಡ ಅವರು, ಅದನ್ನು ಮುಂಬೈ ಮತ್ತು ಮದ್ರಾಸಿಗೆ ಆಕಾಶಮಾರ್ಗದಲ್ಲೇ ಒಯ್ಯುವ ಯೋಜನೆ ಹಿಡಿದು ಜೆ.ಆರ್.ಡಿ. ಟಾಟಾ ಅವರ ಬಳಿಗೆ ಹೋದರು. 1929ರ ಫೆಬ್ರವರಿಯಲ್ಲಿ ಭಾರತದ ಮೊದಲ ಪೈಲಟ್ ಪರವಾನಗಿ ಪಡೆದಿದ್ದ ಜೆ.ಆರ್.ಡಿ.ಗೆ ಇದಕ್ಕಿಂತ ರುಚಿಯಾದ ಪ್ರಸ್ತಾಪ ಬೇರೊಂದಿರಲಿಲ್ಲ. ಸರ್ಕಾರ ಮಾತ್ರ ಹಣ ಬಿಚ್ಚಲು ಒಪ್ಪಲಿಲ್ಲ. ಸಹಾಯಧನವಿಲ್ಲದೆ, ಒಯ್ದ ಅಂಚೆಯ ತೂಕಕ್ಕೆ ತಕ್ಕ ಹಣ ಎಂಬ ಷರತ್ತಿನ ಮೇಲೆ ಒಪ್ಪಂದಕ್ಕೆ ಸಹಿ ಬಿದ್ದದ್ದು 1932ರ ಏಪ್ರಿಲ್‌ನಲ್ಲಿ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಪುಸ್ ಮಾತ್ ವಿಮಾನದಲ್ಲಿ ಹೊರಟು, ಅಹಮದಾಬಾದಿನಲ್ಲಿ ಎತ್ತಿನ ಗಾಡಿಯಲ್ಲಿ ಬಂದ ಪೆಟ್ರೋಲ್ ತುಂಬಿಸಿಕೊಂಡು ಮುಂಬೈ ತಲುಪಿದರು. ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಕನ್ನಡಿಗರ ಪಾಲಿನ ಕಥೆ ಶುರುವಾಗುವುದು ಇಲ್ಲಿಂದ. ಅಂಚೆಯನ್ನು ಕೈಗೆತ್ತಿಕೊಂಡು ಮುಂದಿನ ಹಾದಿ ಹಿಡಿದವರು ವಿನ್ಸೆಂಟ್. ಆ ರಾತ್ರಿ ಅವರ ಬೀಡು ಬಳ್ಳಾರಿ, ಮರುದಿನ ಮದ್ರಾಸು. ವಿಮಾನಕ್ಕಿದ್ದುದು ಒಂದೇ ಎಂಜಿನ್. ದಾರಿ ತೋರಲು ರೇಡಿಯೋ ಇರಲಿಲ್ಲ.

ನೀರಿನ ಕಾಟ ಆ ಸಂಸ್ಥೆಗೆ ಮೊದಲಿನಿಂದಲೂ ಇತ್ತು. ಜುಹೂವಿನ ಮಣ್ಣಿನ ಮೈದಾನ ಮಳೆಗಾಲದಲ್ಲಿ ಮುಳುಗುತ್ತಿದ್ದುದರಿಂದ ಇಡೀ ಪರಿವಾರ ಪುಣೆಗೆ ಗುಳೆ ಹೋಗಬೇಕಾಗುತ್ತಿತ್ತು. ಆದರೂ 1933ರಲ್ಲಿ ವಿಮಾನಗಳು 1.6 ಲಕ್ಷ ಮೈಲಿ ಹಾರಿದವು. 1935ರಲ್ಲಿ ಮುಂಬೈಯಿಂದ ಗೋವಾ, ಕಣ್ಣೂರು ಮೂಲಕ ತಿರುವನಂತಪುರಕ್ಕೆ ಸೇವೆ ಆರಂಭವಾಯಿತು. 1938ರಲ್ಲಿ ಕಡಲು ದಾಟಿ ಕೊಲಂಬೋ ಮುಟ್ಟಿದ್ದಾಯಿತು. ತೂಕವೇ ಆದಾಯವಾಗಿದ್ದ ಆ ಪುಟ್ಟ ವಿಮಾನಗಳಲ್ಲಿ ಜೀವರಕ್ಷಕ ತೆಪ್ಪವೊಂದಕ್ಕೆ ಜಾಗ ಕೊಟ್ಟರೆ ಅಷ್ಟು ಅಂಚೆಗೆ ಜಾಗ ಕಡಿಮೆ. ಈ ಲೆಕ್ಕಾಚಾರ ವಿಮಾನಯಾನವನ್ನು ಇಂದಿಗೂ ಬಿಟ್ಟಿಲ್ಲ.

ಎರಡನೇ ಮಹಾಯುದ್ಧ ಬಂತು. ಭಾರತದಲ್ಲೇ ವಿಮಾನ ತಯಾರಿಸುವ ಟಾಟಾ ಯೋಜನೆಯ ಮಾತುಕತೆಗೆ ವಿನ್ಸೆಂಟ್ ಇಂಗ್ಲೆಂಡಿಗೆ ತೆರಳಿದರು. 1942ರಲ್ಲಿ, ಹಿಂದಿರುಗುವ ಅವಸರದಲ್ಲಿ, ಭಾರತದ ಕಡೆಗೆ ಹೊರಟಿದ್ದ ಹಡ್ಸನ್ ಯುದ್ಧವಿಮಾನವೊಂದರಲ್ಲಿ ಜಾಗ ಗಿಟ್ಟಿಸಿಕೊಂಡರು. ಆ ವಿಮಾನ ಗುರಿ ಮುಟ್ಟಲಿಲ್ಲ, ವಿನ್ಸೆಂಟ್ ಮರಳಲಿಲ್ಲ. ಜೆ.ಆರ್.ಡಿ. ತಮ್ಮ ಆಪ್ತ ಗೆಳೆಯನನ್ನು ಕಳೆದುಕೊಂಡರು.

ನೀರಿಗೆ ಬಿದ್ದೊಡನೆ ಗಾಳಿ ತುಂಬಿಕೊಂಡು ತೇಲುವ ರಬ್ಬರ್ ತೆಪ್ಪಗಳು ಬ್ರಿಟನ್ನಿನ ಬಾಂಬರ್‌ಗಳಲ್ಲಿ ಆ ವೇಳೆಗಾಗಲೇ ಬಳಕೆಯಲ್ಲಿದ್ದವು. ವಿನ್ಸೆಂಟ್ ಮರೆಯಾದ ಮರುವರ್ಷ, 1943ರ ಮೇ ತಿಂಗಳಲ್ಲಿ, ಅದೇ ಹಡ್ಸನ್ ಮಾದರಿಯ ವಿಮಾನವೊಂದು ಹೊಟ್ಟೆಯಡಿ ಮರದ ದೋಣಿಯನ್ನು ಹೊತ್ತೊಯ್ದು, ಉತ್ತರ ಸಮುದ್ರದಲ್ಲಿ ಬಿದ್ದಿದ್ದ ಬಾಂಬರ್ ಸಿಬ್ಬಂದಿಯ ಬಳಿ ಪ್ಯಾರಾಚೂಟ್ ಮೂಲಕ ಇಳಿಸಿತು.

ನಾಗರಿಕ ವಿಮಾನಗಳಿಗೆ ಅಂತಾರಾಷ್ಟ್ರೀಯ ಕಟ್ಟಳೆ ರೂಪುಗೊಂಡಿದ್ದು ಯುದ್ಧ ಮುಗಿದ ಮೇಲೆ, 1948ರಿಂದೀಚೆಗೆ. ಒಂದು ಎಂಜಿನ್ ಕೆಟ್ಟರೂ ಹಾರಿ ನೆಲೆ ಸೇರಬಲ್ಲ ವಿಮಾನ ದಡದಿಂದ 93 ಕಿ.ಮೀ. ದಾಟಿದರೆ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇರಬೇಕು. ಆ ಸಾಮರ್ಥ್ಯವಿಲ್ಲದ ವಿಮಾನವಾದರೆ, ಎಂಜಿನ್ ನಿಂತಾಗ ತೇಲಿಕೊಂಡು ದಡ ಸೇರಬಹುದಾದ ದೂರವೇ ಮಿತಿ. ಕಡಲ ಮೇಲಿನಿಂದ ಏರುವ, ಇಳಿಯುವ ಹಾದಿಗಳಿಗೂ ಜಾಕೆಟ್ ಬೇಕು. ತೆಪ್ಪದ ನಿಯಮ ಬೇರೆ. ತುರ್ತಾಗಿ ಇಳಿಯಬಲ್ಲ ನೆಲದಿಂದ 120 ನಿಮಿಷಗಳ ಹಾರಾಟ ಅಥವಾ 740 ಕಿ.ಮೀ., ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಿ ಹೋಗುವ ವಿಮಾನ ತನ್ನಲ್ಲಿರುವ ಎಲ್ಲರಿಗೂ ಸಾಲುವಷ್ಟು ತೆಪ್ಪಗಳನ್ನು ಒಯ್ಯಬೇಕು. ಸಾಮರ್ಥ್ಯ ಕಡಿಮೆಯಿರುವ ವಿಮಾನಕ್ಕೆ ಮಿತಿ 30 ನಿಮಿಷ ಅಥವಾ 185 ಕಿ.ಮೀ. ಮಂಗಳೂರು–ಮುಂಬೈಯಂಥ ಕರಾವಳಿ ಮಾರ್ಗದ ಜೆಟ್‌ಗೆ ಈ ನಿಯಮದಡಿ ತೆಪ್ಪ ಕಡ್ಡಾಯವಲ್ಲ.

ಕಡ್ಡಾಯವಲ್ಲದ್ದೇ ಕೆಲವೊಮ್ಮೆ ಜೀವ ಉಳಿಸುತ್ತದೆ. 2009ರ ಜನವರಿ 15ರಂದು ಹಕ್ಕಿಗಳು ಬಡಿದು ಎರಡೂ ಎಂಜಿನ್ ಕಳೆದುಕೊಂಡ ಏರ್‌ಬಸ್ ವಿಮಾನ ನ್ಯೂಯಾರ್ಕಿನ ನದಿಯಲ್ಲಿ ಇಳಿದಾಗ 155 ಮಂದಿಯೂ ಬದುಕಿದರು. ಆ ನದಿಯ ಹೆಸರೂ ಹಡ್ಸನ್ ಎಂಬುದು ಕಾಕತಾಳೀಯ. ಹೋಗಬೇಕಿದ್ದ ಮಾರ್ಗಕ್ಕೆ ತೆಪ್ಪದ ಅಗತ್ಯವಿರದಿದ್ದರೂ ಆ ವಿಮಾನಕ್ಕೆ ದೂರದ ಸಮುದ್ರಯಾನದ ಸಜ್ಜಿಕೆ ಇತ್ತು. ಬಾಗಿಲ ಜಾರುಪಟ್ಟಿಗಳೇ ತೆಪ್ಪಗಳಾಗಬಲ್ಲವಾಗಿದ್ದವು. ಹಿಂಬದಿಯವು ನೀರು ನುಗ್ಗಿ ನಿಷ್ಪ್ರಯೋಜಕವಾದವು, ಮುಂದಿನ ಎರಡು ಕೆಲಸಕ್ಕೆ ಬಂದವು.

ವಿನ್ಸೆಂಟ್ ಕಟ್ಟಲು ನೆರವಾದ ಸಂಸ್ಥೆ 1946ರಲ್ಲಿ ಏರ್ ಇಂಡಿಯಾ ಆಯಿತು, 1948ರ ಜೂನ್ 8ರಂದು ಅದರ ಮೊದಲ ಅಂತಾರಾಷ್ಟ್ರೀಯ ಯಾನ ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಮೊದಲ ಅಂಚೆ ಯಾನದ ಸುವರ್ಣ ವರ್ಷವಾದ 1982ರ ಅಕ್ಟೋಬರ್ 15ರಂದು, 78ರ ಜೆ.ಆರ್.ಡಿ. ಪುಟ್ಟ ಲೆಪರ್ಡ್ ಮಾತ್ ವಿಮಾನದಲ್ಲಿ ಒಬ್ಬರೇ ಕರಾಚಿಯಿಂದ ಮುಂಬೈಗೆ ಮತ್ತೊಮ್ಮೆ ಹಾರಿಬಂದರು. ಅಲ್ಲಿಂದ ಬಳ್ಳಾರಿಯತ್ತ ಅಂಚೆ ಒಯ್ಯಬೇಕಿದ್ದ ಗೆಳೆಯ ಇಲ್ಲವಾಗಿ ಆಗಲೇ ನಲವತ್ತು ವರ್ಷ ಸಂದಿತ್ತು.