ಅರಿವಳಿಕೆ ಕೊಟ್ಟವರು ಮಾರ್ಟನ್ ಒಬ್ಬರೇನಾ? ಮರೆತುಹೋದ ಹಲ್ಲಿನ ವೈದ್ಯರ ಕಥೆ

ಅರಿವಳಿಕೆಯನ್ನು ಜಗತ್ತಿಗೆ ಕೊಟ್ಟವರು ವಿಲಿಯಂ ಮಾರ್ಟನ್ ಎಂಬ ಒಂದು ಸಾಲಿನ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವರಿಗಿಂತ ಮೊದಲೇ ಈ ದಾರಿ ಹಿಡಿದ ಹೊರೇಸ್ ವೆಲ್ಸ್ ಬಗ್ಗೆ ನಾವಿಲ್ಲಿ ತಿಳಿಯೋಣ.

1815ರಲ್ಲಿ ಹುಟ್ಟಿದ ವೆಲ್ಸ್ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹಲ್ಲಿನ ವೈದ್ಯರಾಗಿದ್ದರು. ಆಗ ಹಲ್ಲು ಕೀಳಿಸಿಕೊಳ್ಳುವವರು ನೋವನ್ನು ಪೂರ್ತಿ ಸಹಿಸಿಕೊಳ್ಳಲೇಬೇಕಿತ್ತು. 1844ರ ಡಿಸೆಂಬರ್ 10ರಂದು ಅವರು ನಗೆ ಅನಿಲದ ಮನರಂಜನಾ ಪ್ರದರ್ಶನಕ್ಕೆ ಹೋದರು. ನೈಟ್ರಸ್ ಆಕ್ಸೈಡ್ ಎಂಬ ಈ ಅನಿಲ ಸೇವಿಸಿ ಕುಣಿದಾಡಿದ ಒಬ್ಬನ ಕಾಲಿಗೆ ಪೆಟ್ಟು ಬಿದ್ದಿತ್ತು. ಆದರೆ ಅವನಿಗೆ ನೋವೇ ಗೊತ್ತಾಗಿರಲಿಲ್ಲ. ಎಲ್ಲರೂ ನಗುತ್ತಿದ್ದಾಗ ವೆಲ್ಸ್ ಇದನ್ನು ಗಮನಿಸಿದರು. ಮರುದಿನವೇ ಅನಿಲ ಸೇವಿಸಿ, ಸಹೋದ್ಯೋಗಿ ಜಾನ್ ರಿಗ್ಸ್ ಅವರಿಂದ ತಮ್ಮದೇ ಹಲ್ಲು ಕೀಳಿಸಿಕೊಂಡರು. ನಂತರ ರೋಗಿಗಳಿಗೂ ಕೊಟ್ಟು ನೋಡಿದರು.

1845ರ ಜನವರಿಯಲ್ಲಿ ಬಾಸ್ಟನ್‌ನ ವೈದ್ಯರು, ವಿದ್ಯಾರ್ಥಿಗಳ ಮುಂದೆ ಪ್ರಯೋಗ ತೋರಿಸಿದರು. ಹಲ್ಲು ಕೀಳುವಾಗ ರೋಗಿ ಕೂಗಿಕೊಂಡ. ಅನಿಲದ ಚೀಲವನ್ನು ಬೇಗ ತೆಗೆದದ್ದೇ ಕಾರಣ ಎಂದು ವೆಲ್ಸ್ ಹೇಳಿದರು. ಹೆಚ್ಚು ನೋವಾಗಲಿಲ್ಲವೆಂದು ಆ ರೋಗಿಯೂ ಆಮೇಲೆ ತಿಳಿಸಿದ. ಆದರೆ ಅಷ್ಟರಲ್ಲಿ ಸಭೆ ಅವರನ್ನು ಮೋಸಗಾರ ಎಂದು ಹೀಯಾಳಿಸಿಯಾಗಿತ್ತು.

1846ರ ಅಕ್ಟೋಬರ್ 16ರಂದು ಅವರ ಹಳೆಯ ಶಿಷ್ಯ ಮಾರ್ಟನ್ ಅದೇ ಊರಿನಲ್ಲಿ ಈಥರ್ ಕೊಟ್ಟರು. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಮಾರ್ಟನ್ ಪೇಟೆಂಟನ್ನೂ ಪಡೆದರು. ವೆಲ್ಸ್ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆದಿರಲಿಲ್ಲ.

ಮುಂದೆ ಕ್ಲೋರೋಫಾರ್ಮನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಳ್ಳುತ್ತಾ ವೆಲ್ಸ್ ಅದರ ವ್ಯಸನಕ್ಕೆ ಬಿದ್ದರು. ಅದರ ಅಮಲಿನಲ್ಲಿ ನ್ಯೂಯಾರ್ಕ್‌ನ ರಸ್ತೆಯಲ್ಲಿ ಮಹಿಳೆಯರ ಮೇಲೆ ಆಸಿಡ್ ಎರಚಿ ಬಂಧನಕ್ಕೊಳಗಾದರು. 1848ರ ಜನವರಿಯಲ್ಲಿ, 33ನೇ ವಯಸ್ಸಿಗೆ, ಜೈಲಿನಲ್ಲೇ ಪ್ರಾಣ ಕಳೆದುಕೊಂಡರು. ಪ್ಯಾರಿಸ್‌ನ ವೈದ್ಯರ ಸಂಘ ಅವರಿಗೆ ಮನ್ನಣೆ ಕೊಟ್ಟ ಸುದ್ದಿ ತಲುಪಿದ್ದು ಅವರು ತೀರಿಕೊಂಡ ಮೇಲೆ. 1864ರಲ್ಲಿ ಅಮೆರಿಕದ ದಂತವೈದ್ಯರ ಸಂಘವೂ ಅವರನ್ನು ಗೌರವಿಸಿತು.

ಹಾಗಾದರೆ ಮೊದಲಿಗರು ವೆಲ್ಸ್ ಎನ್ನಬಹುದೇ? ಅದೂ ಸರಿಯಲ್ಲ. 1842ರಲ್ಲೇ ಜಾರ್ಜಿಯಾದ ವೈದ್ಯ ಕ್ರಾಫರ್ಡ್ ಲಾಂಗ್ ಶಸ್ತ್ರಚಿಕಿತ್ಸೆಗೆ ಈಥರ್ ಬಳಸಿದ್ದರು. ಆದರೆ ಅದನ್ನು ಪ್ರಕಟಿಸಿದ್ದು 1849ರಲ್ಲಿ.

ಅರಿವಳಿಕೆ ಒಬ್ಬರ ಸಾಧನೆಯಲ್ಲ. ಅಂದು ನಗೆಪಾಟಲಾದ ಅನಿಲವನ್ನು ಇಂದಿಗೂ ದಂತವೈದ್ಯರು ಆಮ್ಲಜನಕದೊಂದಿಗೆ ಬೆರೆಸಿ ಬಳಸುತ್ತಾರೆ. ಮುಂದಿನ ಸಲ ಆ ಒಂದು ಸಾಲಿನ ಫಾರ್ವರ್ಡ್ ಬಂದರೆ, ಉಳಿದ ಕಥೆಯನ್ನೂ ಜೊತೆಗೆ ಕಳುಹಿಸಿ.